ರೂತ್ ಅವರ ಅಪ್ಪನ ಹೊಟ್ಟೆಯಲ್ಲಿದ್ದದ್ದು

ಮೈಸೂರಿಗೆ ಮರಳಿದ ಮೇಲೆ ಸಿಕ್ಕವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಅಮೆರಿಕದಲ್ಲಿ ಏನೇನು ನೋಡಿದ್ರಿ ಮೇಡಂ?" ನಯಾಗರಾ ನೋಡಲಿಲ್ಲ. ನ್ಯೂಯಾರ್ಕಿಗೆ ಹೋಗಲಿಲ್ಲ. ವಾಷಿಂಗ್ಟನ್ನಿನ ಶ್ವೇತಭವನವನ್ನು ಒಂದು ಭಾನುವಾರ ಬೇಲಿಯ ಈಚೆ ನಿಂತು ನೋಡಿದೆ. ನಮ್ಮ ಅರಮನೆ ನೋಡಿದ ಕಣ್ಣಿಗೆ ಅದು ಯಾರೋ ಅನುಕೂಲಸ್ಥರ ಬಂಗಲೆಯ ಹಾಗೆ ಕಂಡಿತು. "ಹಾಗಾದ್ರೆ ಅಷ್ಟು ತಿಂಗಳು ಏನ್ ಮಾಡಿದ್ರಿ?" ಎಂದು ಅವರು ಮುಂದುವರಿಸಿದರೆ, ಅವರ ಕೈಯಲ್ಲಿರುವ ಕಾಫಿ ಲೋಟ ಖಾಲಿಯಾಗಿದೆಯೇ ಎಂದು ನೋಡಿಕೊಂಡು ಉತ್ತರ ಕೊಡುತ್ತಿದ್ದೆ. ಏಕೆಂದರೆ ನಾನು ಮಾಡಿದ್ದು ಮನುಷ್ಯರ ಮಲದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಹುಡುಕುವ ಕೆಲಸ. ಅದು ತಯಾರಿಸುವ ಪ್ರೋಟೀನುಗಳನ್ನು ಬಿಡಿಸಿ ನೋಡುವ ಕೆಲಸ. ಆ ಹುಡುಕಾಟದ ದೆಸೆಯಿಂದಲೇ ನಾನು ಪ್ರವಾಸಿಗಳು ಯಾರೂ ಹೋಗದ ಒಂದು ಪೀಚ್ ತೋಟದ ಮನೆಗೆ ಹೋದೆ. ಹೇಳಬೇಕಾದದ್ದು ಅದನ್ನೇ.

ಜರ್ಮನ್‌ಟೌನ್

ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆದ ಮರುವರ್ಷದ ಮಾತು. ಮೈಸೂರಿನ ಕಾಲೇಜಿನಲ್ಲಿ ಜೀವರಸಾಯನಶಾಸ್ತ್ರ ಪಾಠ ಮಾಡುತ್ತಿದ್ದ ನನಗೆ ಒಂದು ಫೆಲೋಶಿಪ್ ಸಿಕ್ಕಿತು. ವಾಷಿಂಗ್ಟನ್ ಹತ್ತಿರದ ಜರ್ಮನ್‌ಟೌನ್‌ನಲ್ಲಿ, ಡಾಕ್ಟರ್ ರೂತ್ ಎಂಬವರ ಪ್ರಯೋಗಾಲಯದಲ್ಲಿ ಆರು ತಿಂಗಳು ಕೆಲಸ. ಜರ್ಮನ್‌ಟೌನ್ ಅಂದರೆ ಊರು ಎಂದುಕೊಂಡಿದ್ದೆ. ಹೋಗಿ ನೋಡಿದರೆ ಒಂದು ಹೆದ್ದಾರಿ, ಅದರ ಎರಡೂ ಪಕ್ಕಕ್ಕೆ ಗಾಜಿನ ಕಟ್ಟಡಗಳು, ಒಂದೇ ಅಚ್ಚಿನಲ್ಲಿ ಒತ್ತಿದಂಥ ಅಪಾರ್ಟ್‌ಮೆಂಟುಗಳು. ರಸ್ತೆಯಲ್ಲಿ ನಡೆಯುವವಳು ನಾನೊಬ್ಬಳೇ. ಮೊದಲ ವಾರ ಎರಡು ಸಲ ಕಾರು ನಿಲ್ಲಿಸಿ, "ನಿಮ್ಮ ಗಾಡಿ ಕೆಟ್ಟಿದೆಯಾ?" ಎಂದು ಕೇಳಿದರು. ನಡೆಯುವುದು ಅಲ್ಲಿ ಒಂದು ಅಪಘಾತದ ಲಕ್ಷಣ.

ರೂತ್ ಅವರಿಗೆ ಆಗ ಅರವತ್ತರ ಆಸುಪಾಸು. ಬಿದಿರಿನ ಹಾಗೆ ಎತ್ತರ, ಬೆಳ್ಳಗಿನ ತುಂಡು ಕೂದಲು. ಸರ್ವಮಂಗಳಾ ಎಂಬ ನನ್ನ ಹೆಸರನ್ನು ಮೂರು ಸಲ ಪ್ರಯತ್ನಿಸಿ, ಕೊನೆಗೆ, "ಮಂಗಳಾ ಸಾಕಾ? ಉಳಿದದ್ದು ಮುಂದಿನ ವಾರ ಕಲೀತೀನಿ," ಎಂದರು. ನಿಜವಾಗಿಯೂ ಮುಂದಿನ ವಾರ ಕಲಿತು ಬಂದು ಪೂರ್ತಿ ಹೆಸರು ಹೇಳಿದರು.

ನಾವು ತಿನ್ನುವ ಸೊಪ್ಪು, ಎಳ್ಳು, ಕಡಲೆಕಾಯಿ, ಕುಡಿಯುವ ಟೀ ಎಲ್ಲದರಲ್ಲೂ ಆಕ್ಸಲೇಟ್ ಎಂಬ ಒಂದು ವಸ್ತು ಇರುತ್ತದೆ. ನಮ್ಮ ದೇಹಕ್ಕೆ ಅದನ್ನು ಅರಗಿಸುವ ಶಕ್ತಿಯಿಲ್ಲ. ಹೆಚ್ಚಾದರೆ ಕಿಡ್ನಿಯಲ್ಲಿ ಕಲ್ಲಾಗುತ್ತದೆ. ನನ್ನ ಸೋದರಮಾವ ಆ ಕಲ್ಲಿನ ನೋವಿಗೆ ನಡುಮನೆಯ ನೆಲದ ಮೇಲೆ ಉರುಳಾಡಿದ್ದನ್ನು ಕಂಡೇ ನಾನು ಈ ವಿಷಯ ಹಿಡಿದವಳು. ಆದರೆ ಕೆಲವರ ದೊಡ್ಡ ಕರುಳಿನಲ್ಲಿ ಒಂದು ಬ್ಯಾಕ್ಟೀರಿಯಾ ವಾಸವಾಗಿರುತ್ತದೆ. ಅದಕ್ಕೆ ಆಕ್ಸಲೇಟ್ ಬಿಟ್ಟರೆ ಬೇರೆ ಊಟವೇ ಬೇಡ. ಆಕ್ಸಲೇಟನ್ನು ಮುರಿಯಲೆಂದು ಅದು ತನ್ನ ಮೈಯಲ್ಲಿ ಕೆಲವು ಪ್ರೋಟೀನುಗಳನ್ನು ತಯಾರಿಸಿಕೊಳ್ಳುತ್ತದೆ. ಒಬ್ಬರ ಹೊಟ್ಟೆಯ ಬ್ಯಾಕ್ಟೀರಿಯಾದ ಪ್ರೋಟೀನಿಗೂ ಇನ್ನೊಬ್ಬರದಕ್ಕೂ ಏನು ವ್ಯತ್ಯಾಸ, ಯಾವುದು ಚುರುಕು, ಏಕೆ ಎಂಬುದು ನನ್ನ ಪ್ರಶ್ನೆ.

ಈ ಜೀವಕ್ಕೆ ಗಾಳಿ ತಾಗಿದರೆ ಸಾವು. ಹಾಗಾಗಿ ಕೆಲಸವೆಲ್ಲ ಒಂದು ದೊಡ್ಡ ಪಾರದರ್ಶಕ ಪೆಟ್ಟಿಗೆಯೊಳಗೆ. ಅದರಲ್ಲಿ ಆಮ್ಲಜನಕ ಇಲ್ಲ. ಗೋಡೆಗೆ ಅಂಟಿಸಿದ ಕಪ್ಪು ಕೈಗವಸುಗಳೊಳಗೆ ಹೊರಗಿನಿಂದ ಕೈ ತೂರಿಸಿ ಕೆಲಸ ಮಾಡಬೇಕು. ಮೊದಲ ದಿನ ಮೂಗು ತುರಿಸಿತು. ಎರಡೂ ಕೈ ಪೆಟ್ಟಿಗೆಯೊಳಗೆ. ಪಕ್ಕದಲ್ಲಿದ್ದ ರೂತ್ ನೋಡಿ, ಏನೂ ಕೇಳದೆ ಒಂದು ಟಿಶ್ಯೂ ತಂದು ನನ್ನ ಮೂಗು ಒರೆಸಿ ಹೋದರು. ಅಲ್ಲಿಂದ ನನಗೆ ಅವರ ಬಗ್ಗೆ ಹೆದರಿಕೆ ಹೋಯಿತು.

ಬ್ಯಾಕ್ಟೀರಿಯಾ ಸಿಕ್ಕಿತೋ ಇಲ್ಲವೋ ತಿಳಿಯುವ ಉಪಾಯ ಸೊಗಸಾಗಿದೆ. ಗಾಜಿನ ಕೊಳವೆಯ ಒಳಗೋಡೆಗೆ ಆಕ್ಸಲೇಟ್ ಬೆರೆಸಿದ ಅಂಟನ್ನು ತೆಳುವಾಗಿ ಸವರುತ್ತಾರೆ. ಕೊಳವೆ ಮಜ್ಜಿಗೆ ಬಳಿದ ಹಾಗೆ ಬೆಳ್ಳಗೆ ಮಸುಕಾಗಿರುತ್ತದೆ. ನಮ್ಮ ಬ್ಯಾಕ್ಟೀರಿಯಾ ಎಲ್ಲಿ ಬೆಳೆಯುತ್ತದೋ ಅಲ್ಲಿ ಸುತ್ತಲಿನ ಬಿಳುಪನ್ನು ತಿಂದುಹಾಕುತ್ತದೆ. ಮಸುಕಿನ ನಡುವೆ ಒಂದು ಪುಟ್ಟ ತಿಳಿ ವೃತ್ತ ಮೂಡುತ್ತದೆ.

ರೂತ್ ಅವರ ಬಳಿ ಆಗ ಬಲವಾದ ಒಂದೇ ತಳಿ ಇತ್ತು. ಅದಕ್ಕೆ ಅಂಕಿ-ಅಕ್ಷರದ ಹೆಸರಿದ್ದರೂ ಎಲ್ಲರೂ ಕರೆಯುತ್ತಿದ್ದದ್ದು "ಮುದುಕ" ಎಂದು. ಏಕೆಂದು ಕೇಳಿದೆ.

"ಅದು ನಮ್ಮ ಡ್ಯಾಡಿಯದ್ದು," ಎಂದರು ರೂತ್. "ಸೌತ್ ಕ್ಯಾರೊಲಿನಾದಲ್ಲಿ ಪೀಚ್ ಬೆಳೀತಿದ್ದ. ನನ್ನ ಕೆಲಸಕ್ಕೆ ಬೇಕು ಅಂತ ಕೇಳಿದ್ದಕ್ಕೆ ಕಾಫಿ ಡಬ್ಬೀಲಿ ತುಂಬಿ, ಮೇಲೆ ರಿಬ್ಬನ್ ಕಟ್ಟಿ ಕೊಟ್ಟ."

ಅರವತ್ತರ ಹೆಂಗಸು ಅಪ್ಪನನ್ನು ಡ್ಯಾಡಿ ಎನ್ನುವುದು ಆ ದಕ್ಷಿಣದ ಕಡೆಯವರ ರೂಢಿಯಂತೆ. ಅಪ್ಪ ತೀರಿಕೊಂಡು ಏಳು ವರ್ಷವಾಗಿತ್ತು. ಅವರ ಹೊಟ್ಟೆಯಲ್ಲಿದ್ದದ್ದು ಮಾತ್ರ ಕೊಳವೆಯಿಂದ ಕೊಳವೆಗೆ ಬದುಕಿಕೊಂಡು ಬಂದಿತ್ತು.

ಲ್ಯಾನ್‌ಹ್ಯಾಮ್

ಒಂದೇ ತಳಿ ಇಟ್ಟುಕೊಂಡು ಹೋಲಿಕೆ ಮಾಡುವುದಾದರೂ ಹೇಗೆ? ಹೊಸ ಮಾದರಿಗಳು ಬೇಕಿದ್ದವು. ಅಮೆರಿಕದವರು ನಿಮ್ಮನ್ನು ಊಟ ಆಯಿತೇ ಎಂದು ಕೇಳುವುದಿಲ್ಲ. ಆದರೆ ಬೆಳಿಗ್ಗೆ ಹೊಟ್ಟೆ ಹೇಗೆ ಹೋಯಿತು ಎಂದು ವಿಜ್ಞಾನಕ್ಕಾಗಿ ಕೇಳಿದರೆ ನಿಂತು ವಿವರವಾಗಿ ಹೇಳುತ್ತಾರೆ. ಕಟ್ಟಡದ ಎಷ್ಟೋ ಜನ ನಾಚಿಕೆಯಿಲ್ಲದೆ ಮಾದರಿ ತಂದುಕೊಟ್ಟರು. ಕೊಳವೆಗಳು ಬೆಳ್ಳಗೇ ಉಳಿದವು. ಬಹಳ ಮಂದಿ ಚಿಕ್ಕಂದಿನಿಂದ ಆಂಟಿಬಯೋಟಿಕ್ ನುಂಗಿದವರು. ಅದು ಬೇಡದ್ದರ ಜೊತೆಗೆ ಬೇಕಾದದ್ದನ್ನೂ ತೊಳೆದುಬಿಡುತ್ತದೆ. ನನ್ನದನ್ನೂ ನಾನು ಪರೀಕ್ಷಿಸಿದ್ದೆ. ಅದರಲ್ಲೂ ಇರಲಿಲ್ಲ.

ನಾನು ರೂಮು ಹಿಡಿದಿದ್ದದ್ದು ಬೆಂಗಳೂರಿನ ವತ್ಸಲಾ ಎಂಬವಳ ಮನೆಯಲ್ಲಿ. ಗಂಡ ಹೆಂಡತಿ ಇಬ್ಬರೂ ಕಂಪ್ಯೂಟರ್ ಕೆಲಸದವರು. ಭಾನುವಾರ ಅವರ ಕಾರಿನಲ್ಲಿ ಲ್ಯಾನ್‌ಹ್ಯಾಮಿನ ದೇವಸ್ಥಾನಕ್ಕೆ ಹೋಗುತ್ತಿದ್ದೆವು. ಒಮ್ಮೆ ಅಲ್ಲಿನ ಕೆಳಮಹಡಿಯಲ್ಲಿ ಪುಳಿಯೋಗರೆ ತಿನ್ನುತ್ತ, ಊರಿನಿಂದ ಈಗಷ್ಟೇ ಬಂದ ಹಿರಿಯರು ಸಾಲಾಗಿ ಕೂತಿರುವುದನ್ನು ಕಂಡೆ. ಇಷ್ಟೊಂದು ಸೊಪ್ಪು ತಿಂದ ಹೊಟ್ಟೆಗಳು ಒಂದೇ ಕಡೆ! ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ನಿವೃತ್ತ ಹೆಡ್‌ಮಾಸ್ಟರರಿಗೆ ವಿಷಯವನ್ನು ಮೆಲ್ಲಗೆ ಬಿಡಿಸಿ ಹೇಳತೊಡಗಿದೆ. ಅವರು ತಲೆದೂಗುತ್ತ ಕೇಳಿದರು. ಕೊನೆಗೆ ಬೇಕಾದದ್ದೇನು ಎಂದು ಅರ್ಥವಾದಾಗ ಎಲೆತಟ್ಟೆಯನ್ನು ಪಕ್ಕಕ್ಕೆ ಇಟ್ಟರು.

"ತಾಯೀ, ನಿಮ್ಮ ವಿದ್ಯೆ ದೊಡ್ಡದು. ಆದ್ರೆ ಪ್ರಸಾದ ತಿನ್ನೋವಾಗ…" ಎಂದು ನಿಲ್ಲಿಸಿದರು.

ವತ್ಸಲಾ ಓಡಿ ಬಂದಳು. "ಆಂಟಿ, ಪ್ಲೀಸ್, ಇಲ್ಲಿ ಮಾತ್ರ ಕೇಳ್ಬೇಡಿ. ನೆಕ್ಸ್ಟ್ ವೀಕ್ ನಾವು ಇವ್ರನ್ನೆಲ್ಲ ಫೇಸ್ ಮಾಡ್ಬೇಕು."

ಅಷ್ಟರಲ್ಲಿ ಅವಳ ಮಗಳು ದಿವ್ಯಾ, ಒಂಬತ್ತು ವರ್ಷದವಳು, ಇಡೀ ಹಾಲಿಗೆ ಕೇಳುವಂತೆ, "ಮಾಮ್, ಆಂಟಿಗೆ ಪೂಪ್ ಬೇಕಾ? ವೈ?" ಎಂದಳು.

ಆಮೇಲೆ ಕೆಲವು ವಾರ ನಾನು ದೇವಸ್ಥಾನದಲ್ಲಿ ಪ್ರದಕ್ಷಿಣೆ ಬೇಗ ಮುಗಿಸಿ ಕಾರಿನಲ್ಲಿ ಕೂತಿರುತ್ತಿದ್ದೆ.

ಕರೆಂಟು ಹೋದದ್ದು

ಜುಲೈನಲ್ಲಿ ಒಂದು ಗುಡುಗು ಮಳೆ ಬಂತು. ನಮ್ಮ ಮಳೆಯ ಮುಂದೆ ಏನೇನೂ ಅಲ್ಲ, ಆದರೆ ಗಾಳಿಗೆ ದೊಡ್ಡ ದೊಡ್ಡ ಮರಗಳು ತಂತಿಗಳ ಮೇಲೆ ಒರಗಿದವು. ಕರೆಂಟು ಹೋಯಿತು. ಮೈಸೂರಿನವಳಿಗೆ ಇದೇನು ಹೊಸದೇ? ನಾನು ಮೇಣದಬತ್ತಿ ಹುಡುಕಿದೆ. ವತ್ಸಲಾಳ ಅಕ್ಕಪಕ್ಕದವರು ಮಾತ್ರ ಯುದ್ಧ ಬಂದ ಹಾಗೆ ಹುಲ್ಲಿನ ಮೇಲೆ ಬಂದು ನಿಂತು, ಮೊದಲ ಬಾರಿಗೆ ಒಬ್ಬರನ್ನೊಬ್ಬರು ಹೆಸರು ಕೇಳಿಕೊಂಡರು.

ಕರೆಂಟು ಮೂರನೆಯ ದಿನ ಬಂತು. ಕಟ್ಟಡಕ್ಕೆ ಜನರೇಟರ್ ಇತ್ತು. ಆದರೆ ಮುದುಕನ ಕೊಳವೆಗಳನ್ನಿಟ್ಟಿದ್ದ ತಂಪುಪೆಟ್ಟಿಗೆಗೂ ಗಾಳಿಯಿಲ್ಲದ ಪೆಟ್ಟಿಗೆಗೂ ಅದರ ತಂತಿ ಎಳೆದಿರಲಿಲ್ಲ. ನಾನು ಹೋದಾಗ ರೂತ್ ಟಾರ್ಚ್ ಹಿಡಿದು ನೆಲದ ಮೇಲೆ ಕೂತಿದ್ದರು. ಕರಗಿದ ಮಂಜಿನ ನೀರು ಅವರ ಸುತ್ತ ಹರಡಿತ್ತು. ಒಂದೊಂದೇ ಕೊಳವೆ ತೆಗೆದು ಬಟ್ಟೆಯಲ್ಲಿ ಒರೆಸಿ, ಮತ್ತೆ ಜಾಗದಲ್ಲಿ ಇಡುತ್ತಿದ್ದರು.

ಮುದುಕನನ್ನು ಬದುಕಿಸಲು ಆದದ್ದನ್ನೆಲ್ಲ ಮಾಡಿದೆವು. ಹೊಸ ಕೊಳವೆ, ಹೊಸ ಆಹಾರ, ಬೆಚ್ಚಗಿನ ಪೆಟ್ಟಿಗೆ. ಎರಡು ವಾರ ಕಾದೆವು. ಎಲ್ಲವೂ ಹಾಲಿನಷ್ಟು ಬೆಳ್ಳಗೆ ಉಳಿಯಿತು. ಹಿಂದೆ ಈ ತಳಿಯನ್ನು ಪಡೆದಿದ್ದ ಇನ್ನೊಬ್ಬ ವಿಜ್ಞಾನಿ ನಿವೃತ್ತರಾಗಿದ್ದರು. ಅವರ ಕೊಳವೆಗಳನ್ನು ಯಾವಾಗಲೋ ಎಸೆದಾಗಿತ್ತು. ಉಳಿದದ್ದು ಮುದುಕನ ಪ್ರೋಟೀನುಗಳ ಹಳೆಯ ಫೋಟೋಗಳು ಮಾತ್ರ.

ನನ್ನ ಅವಧಿ ಅರ್ಧಕ್ಕಿಂತ ಹೆಚ್ಚು ಕಳೆದಿತ್ತು. ಬರಿಗೈಯಲ್ಲಿ ಮೈಸೂರಿಗೆ ಹೋಗಿ ನಿಲ್ಲುವುದನ್ನು ನೆನೆದು ನನಗೆ ಊಟ ರುಚಿಸುತ್ತಿರಲಿಲ್ಲ. ಆದರೆ ರೂತ್ ಅವರ ಮುಂದೆ ಅದನ್ನು ಹೇಳಿಕೊಳ್ಳುವುದು ಹೇಗೆ? ನನ್ನದು ಕೆಲಸ ಹೋಗಿತ್ತು, ಅವರದು ಮತ್ತೇನೋ ಹೋಗಿತ್ತು.

ಕೊನೆಗೆ ನಾನೇ ಬಾಯಿ ಬಿಟ್ಟೆ. "ಇದು ಒಂದೇ ಮನೇಲಿ ಉಂಡವರಲ್ಲಿ ಒಬ್ಬರಿಂದ ಒಬ್ಬರಿಗೆ ಬರತ್ತೆ ಅಂತಾರೆ. ನಿಮ್ಮ ಅಪ್ಪನ ಜೊತೆ ಉಂಡವರು ಯಾರಾದರೂ ಇಲ್ವಾ?"

"ನಾನು ಉಂಡಿದ್ದೆ. ನನ್ನಲ್ಲಿ ಇಲ್ಲ, ನೋಡಿ ಆಗಿದೆ." ರೂತ್ ತಡೆದು ಹೇಳಿದರು, "ತಮ್ಮ ಇದ್ದಾನೆ. ವೇಯ್ನ್. ನಮಗೆ ಮಾತಿಲ್ಲ."

ಅಪ್ಪನಿಗೆ ಕಾಯಿಲೆಯಾದಾಗ ಅವರನ್ನು ರೂತ್ ಒಳ್ಳೆಯ ಆಸ್ಪತ್ರೆಗೆಂದು ಮೇರಿಲ್ಯಾಂಡಿಗೆ ಕರೆತಂದರಂತೆ. ತೋಟ ಬಿಟ್ಟು ಎಲ್ಲಿಗೂ ಹೋಗದ ಮನುಷ್ಯ ಅಲ್ಲೇ ತೀರಿಕೊಂಡರು. ವೇಯ್ನ್ ಹೊರಟು ದಾರಿಯಲ್ಲಿದ್ದಾಗ. ಸಂಸ್ಕಾರದ ದಿನದ ನಂತರ ಅಕ್ಕ ತಮ್ಮ ಮಾತಾಡಿರಲಿಲ್ಲ.

ಕ್ಯಾರೊಲಿನಾ

ಆಗಸ್ಟ್‌ನಲ್ಲಿ ಅಟ್ಲಾಂಟಾದ ಒಂದು ವಿಶ್ವವಿದ್ಯಾಲಯದಲ್ಲಿ ರೂತ್ ಅವರ ಉಪನ್ಯಾಸವಿತ್ತು. ವಿಮಾನದಲ್ಲಿ ಹೋಗಬೇಕಿದ್ದವರು ಕಾರಿನಲ್ಲಿ ಹೊರಟರು. "ದಾರೀಲಿ ವೇಯ್ನ್ ಮನೇಲಿ ಉಳಿಯೋಣ. ನೀನೂ ಬಾ. ಒಬ್ಬಳೇ ಹೋದರೆ ಜಗಳ ಆಗತ್ತೆ," ಎಂದರು. ತಮ್ಮನಿಗೆ ಫೋನಿನಲ್ಲಿ ಬರುತ್ತೇನೆ ಎಂದಷ್ಟೇ ಹೇಳಿದ್ದರು, ಏಕೆಂದು ಹೇಳಿರಲಿಲ್ಲ.

ಇಡೀ ದಿನದ ದಾರಿ. ವರ್ಜೀನಿಯಾ ದಾಟಿ ನಾರ್ತ್ ಕ್ಯಾರೊಲಿನಾ ಹೊಕ್ಕ ಮೇಲೆ ಮಣ್ಣು ಕೆಂಪಾಯಿತು. ಎಷ್ಟೋ ತಿಂಗಳ ಮೇಲೆ ನೆಲ ನೆಲದ ಹಾಗೆ ಕಾಣಿಸಿತ್ತು. ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಸೊಪ್ಪಿನ ಪಲ್ಯ ಇದೆ ಎಂದು ತಿಳಿದು ಆಸೆಯಿಂದ ತರಿಸಿದೆ. ಚಮಚ ಹಾಕಿದರೆ ಕೆಳಗೆ ಹಂದಿಮಾಂಸದ ಚೂರುಗಳು. ನಾನು ಮಾಂಸ ತಿನ್ನುವುದಿಲ್ಲ ಎಂದು ಬಡಿಸುವ ಹೆಂಗಸಿಗೆ ಹೇಳಿದೆ. "ಅದು ಮಾಂಸ ಅಲ್ಲ ಚಿನ್ನಾ, ರುಚಿಗೆ ಹಾಕಿರೋದು," ಎಂದಳು ಆಕೆ, ನನ್ನ ಭುಜ ತಟ್ಟಿ. ಕೊನೆಗೆ ಜೋಳದ ಬ್ರೆಡ್ ತಿಂದು ಎದ್ದೆ.

ಆದರೆ ರಸ್ತೆ ಬದಿಯ ಒಂದು ತಗಡಿನ ಗೂಡಂಗಡಿಯಲ್ಲಿ ಹಂಡೆಯಿಂದ ಹಬೆ ಏಳುತ್ತಿತ್ತು. ಇಳಿದು ನೋಡಿದರೆ ಉಪ್ಪು ಹಾಕಿ ಬೇಯಿಸಿದ ಹಸಿ ಕಡಲೆಕಾಯಿ! ಉತ್ತರದ ಅಮೆರಿಕದವರಿಗೆ ಇದು ಗೊತ್ತೇ ಇಲ್ಲವಂತೆ. ನಾನು ಸಿಪ್ಪೆಯನ್ನು ಹಲ್ಲಲ್ಲಿ ಒತ್ತಿ ಉಪ್ಪುನೀರು ಹೀರಿದ್ದನ್ನು ನೋಡಿ ಅಂಗಡಿಯ ಮುದುಕಿ, "ನೀವು ಇಲ್ಲಿಯವರೇನಾ?" ಎಂದು ಕೇಳಿದಳು. ರೇಷ್ಮೆ ಅಂಚಿನ ಸೀರೆ ಉಟ್ಟವಳನ್ನು!

ವೇಯ್ನ್ ಅವರ ಮನೆ ತೋಟದ ನಡುವೆ. ಅವರು ಎತ್ತರದಲ್ಲಿ ಅಕ್ಕನ ಹಾಗೇ. ಮುಖ ಬಿಸಿಲಿಗೆ ಕಂದಿ ಇಟ್ಟಿಗೆಯ ಬಣ್ಣ. ತಲೆಗೆ ಟೋಪಿ. ಮದುವೆಯಾಗದ ಮನುಷ್ಯ, ತಾನೇ ಅಡಿಗೆ ಮಾಡಿಟ್ಟಿದ್ದರು. ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡದೆ ಕೈ ಕುಲುಕಿದರು. ಮೇಜಿನ ಬಳಿ ಮಳೆ, ಹಣ್ಣಿನ ಬೆಳೆ, ನಮ್ಮ ದಾರಿ ಎಲ್ಲದರ ಮಾತೂ ಬೇಗ ಬೇಗ ಮುಗಿದುಹೋಯಿತು. ಆಗ ರೂತ್ ವಿಷಯಕ್ಕೆ ಬಂದರು. ತರಗತಿಯಲ್ಲಿ ಹೇಳುವ ಹಾಗೆ ಮೊದಲಿನಿಂದ ಕ್ರಮವಾಗಿ ಹೇಳಿದರು. ಡ್ಯಾಡಿಯ ತಳಿ, ಕರೆಂಟು, ಕೊನೆಗೆ ಬೇಕಾದದ್ದು.

ಈಗ ನಗು ಬರುತ್ತದೆ ಎಂದು ನಾನು ಕಾದೆ. ಬರಲಿಲ್ಲ.

"ಏಳು ವರ್ಷ ಆದ್ಮೇಲೆ ಈ ಮನೆಗೆ ಬಂದು ನೀನು ಕೇಳ್ತಿರೋದು ಇದಾ, ರೂತಿ?" ಎಂದು ವೇಯ್ನ್ ಎದ್ದು ಹೊರಗೆ ಹೋದರು.

ರೂತ್ ತಟ್ಟೆಗಳನ್ನು ತೊಳೆಯಲು ನಿಂತರು. ನಾನು ಒರೆಸಲು ಹೋದರೆ, "ನೀನು ಹೊರಗೆ ಹೋಗು, ಗಾಳಿ ಇದೆ," ಎಂದು ಕಳಿಸಿದರು. ಜಗುಲಿಯ ಮೇಲೆ ವೇಯ್ನ್ ಮುಳುಗುವ ಬೆಳಕಿನಲ್ಲಿ ತೋಟ ನೋಡುತ್ತ ಕೂತಿದ್ದರು. ನನಗೊಂದು ಕುರ್ಚಿ ಎಳೆದುಕೊಟ್ಟರು.

"ಮ್ಯಾಮ್, ನೀವು ಅಷ್ಟು ದೂರದ ಇಂಡಿಯಾದಿಂದ ಬಂದದ್ದು ಇದಕ್ಕೇನಾ?"

"ಹೌದು."

"ಡ್ಯಾಡಿಯದ್ದು ಇಷ್ಟು ವರ್ಷ ಬದುಕಿತ್ತಾ?"

"ಬದುಕಿತ್ತು. ವಾರ ವಾರ ನಿಮ್ಮ ಅಕ್ಕನೇ ಅದಕ್ಕೆ ಆಹಾರ ಹಾಕ್ತಿದ್ದರು."

"ನನಗೆ ಯಾರೂ ಹೇಳಲಿಲ್ಲ."

ಅದು ನಿಮ್ಮ ತಂದೆಯಲ್ಲ, ಅವರ ಹೊಟ್ಟೆಯಲ್ಲಿ ಬಿಡಾರ ಹೂಡಿದ್ದ ಒಂದು ಜೀವ ಅಷ್ಟೆ ಎಂದು ನಾನು ವಿವರಿಸಲು ಹೋದೆ. ಅವರು ಕೈ ಎತ್ತಿ ತಡೆದರು. "ಗೊತ್ತು. ನಾನು ಓದಿಲ್ಲ, ಆದರೆ ಅಷ್ಟು ಗೊತ್ತಾಗತ್ತೆ." ಆಮೇಲೆ ಕೇಳಿದರು, "ಮೊನ್ನೆ ಅದು ಸತ್ತಾಗ ಅವಳು ಅತ್ತಳಾ?"

"ಇಲ್ಲ. ಕೂತು ಒಂದೊಂದೇ ಕೊಳವೆ ಒರೆಸ್ತಿದ್ದರು."

"ಹಾಗೇ ಅವಳು. ನಾವು ಸಣ್ಣವರಿದ್ದಾಗ ಅಮ್ಮ ಹೋದಳು. ಮನೆ ತುಂಬ ಜನ. ಇವಳು ಒಬ್ಬಳೇ ಅಡಿಗೆಮನೇಲಿ ಪಾತ್ರೆ ಒರೆಸ್ತಿದ್ದಳು." ಟೋಪಿ ತೆಗೆದು ಮೊಣಕಾಲಿನ ಮೇಲೆ ಇಟ್ಟುಕೊಂಡರು. "ಹಾಗಾದರೆ ಡ್ಯಾಡಿಯನ್ನು ಅವಳು ಅಲ್ಲಿ ಎರಡು ಸಲ ಕಳೆದುಕೊಂಡಳು. ಎರಡು ಸಲವೂ ನಾನು ಅಲ್ಲಿರಲಿಲ್ಲ."

ಮಾತಿನಲ್ಲಿ ಸಿಟ್ಟಿರಲಿಲ್ಲ. ಈಗಷ್ಟೇ ಲೆಕ್ಕ ಹೊಂದಿಸಿದವರ ಹಾಗೆ ಹೇಳಿದರು. ಒಳಗೆ ನಲ್ಲಿಯ ಸದ್ದು ನಿಂತಿತ್ತು. ರೂತ್ ಕೇಳಿಸಿಕೊಂಡರೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಬೆಳಿಗ್ಗೆ ನಾನು ಎದ್ದು ಬಂದಾಗ ನಮ್ಮ ತಂಪುಡಬ್ಬಿ ಕಾರಿನ ಬಾನೆಟ್ ಮೇಲಿತ್ತು. ರೂತ್ ಕೊಟ್ಟಿದ್ದ ಗಾಳಿಯಾಡದ ಚೀಲ ಅದರೊಳಗೆ ಸರಿಯಾಗಿ ಮುಚ್ಚಿತ್ತು. ಪಕ್ಕದಲ್ಲಿ ಒಂದು ಬುಟ್ಟಿ ಪೀಚ್ ಹಣ್ಣು. ವೇಯ್ನ್ ಅಕ್ಕನ ಮುಖ ನೋಡದೆ, "ಬೇಗ ಹೊರಡಿ. ಇಟ್ಟರೆ ಸಾಯತ್ತಂತಲ್ಲ," ಎಂದರು. ರೂತ್ ತಮ್ಮನ ತೋಳು ಹಿಡಿದರು. ಅವರು ಕೈ ಕೊಸರಿಕೊಳ್ಳಲಿಲ್ಲ.

ಅಟ್ಲಾಂಟಾ

ಮಾದರಿಯನ್ನು ಮಧ್ಯಾಹ್ನದೊಳಗೆ ಕೊಳವೆಗೆ ಇಳಿಸಲೇಬೇಕಿತ್ತು. ಅಟ್ಲಾಂಟಾದಲ್ಲಿ ರೂತ್ ಅವರ ಸ್ನೇಹಿತರೊಬ್ಬರ ಪ್ರಯೋಗಾಲಯದಲ್ಲಿ ನಮ್ಮದರಂಥದೇ ಪೆಟ್ಟಿಗೆ ಇತ್ತು. ಜಾರ್ಜಿಯಾ ಹೊಕ್ಕ ಸ್ವಲ್ಪ ಹೊತ್ತಿಗೆ ಕಾರಿನ ಟೈರು ಸಿಡಿಯಿತು. ಹೆದ್ದಾರಿಯ ಪಕ್ಕ, ಸುಡುವ ಬಿಸಿಲಿನಲ್ಲಿ, ತಂಪುಡಬ್ಬಿಯನ್ನು ನನ್ನ ಸೆರಗಿನ ನೆರಳಿನಲ್ಲಿ ಇಟ್ಟುಕೊಂಡು ಕೂತೆ. ರೂತ್ ನಟ್ಟು ತಿರುಗಿಸಲು ಒದ್ದಾಡುತ್ತಿದ್ದರು. ಒಂದು ದೊಡ್ಡ ಲಾರಿ ನಿಂತಿತು. ದಪ್ಪ ಮೀಸೆಯ ಡ್ರೈವರ್ ಇಳಿದು ಬಂದು ಟೈರು ಬದಲಿಸಿದ. ಹಣ್ಣು ಕೊಟ್ಟೆವು. ಡಬ್ಬಿಯನ್ನು ನೋಡಿ, "ಅದರಲ್ಲೇನು, ತಣ್ಣಗಿರೋದು ಕುಡಿಯೋಕೆ ಇದೆಯಾ?" ಎಂದು ಕೈ ಚಾಚಿದ.

"ನನ್ನ ತಮ್ಮನ ಮಲ," ಎಂದರು ರೂತ್.

ಅವನು ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ರೂತ್ ಅವರನ್ನು ನೋಡಿದ, ನನ್ನನ್ನು ನೋಡಿದ. "ದೇವರು ಒಳ್ಳೇದು ಮಾಡ್ಲಿ," ಎಂದು ಹೇಳಿ ಲಾರಿ ಹತ್ತಿದ. ರೂತ್ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕರು. ಜುಲೈನ ಆ ಗುಡುಗು ಮಳೆಯ ಮೇಲೆ ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವರು ಕೈಯ ಮಸಿಯೊಂದಿಗೇ ಉಪನ್ಯಾಸಕ್ಕೆ ಓಡಿದರು. ನಾನು ಕೈಗವಸಿನೊಳಗೆ ಕೈಯಿಟ್ಟೆ. ಮಾದರಿಯನ್ನು ಒಂದೊಂದೇ ಕೊಳವೆಗೆ ಇಳಿಸಿ ಮುಚ್ಚಿದೆ.

ರಾತ್ರಿ ಊಟಕ್ಕೆ ನಸ್ರೀನ್ ಮನೆ. ಎಂ.ಎಸ್ಸಿ.ಯಲ್ಲಿ ನನ್ನ ಬೆಂಚಿನಲ್ಲೇ ಕೂತವಳು, ಈಗ ಅಟ್ಲಾಂಟಾದಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿದ್ದಾಳೆ. ಅವಳ ತಾಯಿ ಮೈಸೂರಿನ ಮಂಡಿ ಮೊಹಲ್ಲಾದಿಂದ ಬಂದಿದ್ದರು. ನಾವೆಲ್ಲ ಅವರನ್ನು ಅಮ್ಮಿ ಎನ್ನುತ್ತಿದ್ದೆವು. ನನಗಾಗಿ ಬೇರೆ ಪಾತ್ರೆಯಲ್ಲಿ ದಂಟಿನ ಸೊಪ್ಪಿನ ಸಾರು ಮಾಡಿಸಿದ್ದರು. ಇಡೀ ಕತೆ ಕೇಳಿ ಮೂಗಿನ ಮೇಲೆ ಬೆರಳಿಟ್ಟರು.

"ಅಲ್ಲ ಮಂಗಳಾ, ನಿನ್ನ ಹೊಟ್ಟೇಲಿ ಅದು ಇದೆಯೇನಮ್ಮ?"

"ಇಲ್ಲ ಅಮ್ಮಿ. ಓದೋವಾಗ ಟೈಫಾಯ್ಡ್ ಬಂದಿತ್ತಲ್ಲ, ಆಗ ಕೊಟ್ಟ ಮಾತ್ರೆಗೆ ಹೋಗಿರಬೇಕು."

ಹೇಳುವಾಗ ನಗುತ್ತಲೇ ಹೇಳಿದೆ. ಆದರೆ ಒಳಗೆ ಏನೋ ಮುರಿದ ಹಾಗಾಯಿತು. ಅಮ್ಮನ ಕೈತುತ್ತಿನಲ್ಲಿ ಬಂದದ್ದು ನನಗೆ ತಿಳಿಯದೆಯೇ ನನ್ನಲ್ಲಿತ್ತು, ನನಗೆ ತಿಳಿಯದೆಯೇ ಹೋಯಿತು. ಇತ್ತೆಂಬುದಕ್ಕೂ ಸಾಕ್ಷಿಯಿಲ್ಲ. ಕಳೆದುಕೊಂಡದ್ದು ಎಂದು ಹೇಳಿಕೊಳ್ಳುವ ಹಕ್ಕೂ ಇಲ್ಲದಂಥ ನಷ್ಟ ಅದು.

"ಹೋದ್ರೆ ಮತ್ತೆ ಬರಲ್ವಾ?" ಎಂದರು ಅಮ್ಮಿ.

"ಬರಬಹುದು. ಯಾರ ಜೊತೆ ಇದ್ದು ಉಣ್ತೀವೋ ಅವರಿಂದ."

"ಹಂಗಾದ್ರೆ ನಾಲ್ಕು ದಿನ ಇಲ್ಲೇ ಇರು. ನಮ್ಮ ಜೊತೆ ತಿನ್ನು," ಎಂದು ಮತ್ತೊಂದು ಸೌಟು ಸಾರು ಬಡಿಸಿದರು. ರೂತ್ ಅವರಿಗೆ ನಸ್ರೀನ್ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು. ರೂತ್ ತಮ್ಮ ತಟ್ಟೆಯನ್ನೂ ಮುಂದೆ ಹಿಡಿದರು.

ಮತ್ತೆ ಜರ್ಮನ್‌ಟೌನ್

ಕೊಳವೆಗಳನ್ನು ಬಿಸಿನೀರಿನ ಚೀಲದ ಜೊತೆ ಡಬ್ಬಿಯಲ್ಲಿಟ್ಟು, ತೊಡೆಯ ಮೇಲೆ ಹೊತ್ತು ಮೇರಿಲ್ಯಾಂಡಿಗೆ ತಂದೆ. ಮೊದಲ ವಾರ ಏನೂ ಇಲ್ಲ. ಎರಡನೆಯ ವಾರದ ಒಂದು ಬೆಳಿಗ್ಗೆ ಕೊಳವೆಯೊಂದನ್ನು ಬೆಳಕಿಗೆ ಹಿಡಿದಾಗ ಸಾಸಿವೆ ಕಾಳಿನಷ್ಟು ತಿಳಿ ಜಾಗ ಕಂಡಿತು. ಕನ್ನಡಕ ಒರೆಸಿ ಮತ್ತೆ ನೋಡಿದೆ. ಇತ್ತು. ಪಕ್ಕದಲ್ಲಿ ಇನ್ನೊಂದು. ಕಾರಿಡಾರಿನಲ್ಲಿ ಸೀರೆ ಎತ್ತಿ ಹಿಡಿದು ಓಡಿದ ನನ್ನನ್ನು ನೋಡಿ ಯಾರೋ ಬೆಂಕಿಯೆಂದು ತಿಳಿದು ಬಾಗಿಲು ತೆರೆದರು.

ಅದನ್ನು ಬೆಳೆಸಿ, ಪ್ರೋಟೀನುಗಳನ್ನು ಬಿಡಿಸಲು ಇನ್ನೂ ಕೆಲವು ವಾರ ಬೇಕಾಯಿತು. ಪ್ರೋಟೀನುಗಳನ್ನು ಒಂದು ತೆಳುವಾದ ಅಂಟಿನ ಹಾಳೆಯೊಳಗೆ ವಿದ್ಯುತ್ ಹರಿಸಿ ಓಡಿಸುತ್ತಾರೆ. ಮೈಸೂರಿನ ಬಸ್‌ಸ್ಟ್ಯಾಂಡಿನ ಗುಂ‍ಪಿನಲ್ಲಿ ಸಣ್ಣವರು ನುಸುಳಿ ಮುಂದೆ ಹೋಗುವ ಹಾಗೆ, ಸಣ್ಣ ಪ್ರೋಟೀನು ಮುಂದೆ, ದೊಡ್ಡದು ಹಿಂದೆ. ಆಮೇಲೆ ಬಣ್ಣ ಹಾಕಿದರೆ ನೀಲಿ ಪಟ್ಟೆಗಳು ಏಳುತ್ತವೆ. ಒಂದೊಂದು ತಳಿಗೆ ಅದರದೇ ಪಟ್ಟೆಗಳ ಸಾಲು.

ರೂತ್ ಹೊಸ ಹಾಳೆಯನ್ನೂ ಮುದುಕನ ಹಳೆಯ ಫೋಟೋವನ್ನೂ ಅಡಿಯಿಂದ ಬೆಳಕು ಬರುವ ಗಾಜಿನ ಮೇಲೆ ಅಕ್ಕಪಕ್ಕ ಇಟ್ಟರು. ಆಕ್ಸಲೇಟನ್ನು ಮುರಿಯುವ ಪ್ರೋಟೀನಿನ ದಪ್ಪ ಪಟ್ಟೆ ಎರಡರಲ್ಲೂ ಒಂದೇ ಕಡೆ ಇತ್ತು. ಆದರೆ ಕೆಳಗೆ ಎರಡು ಪಟ್ಟೆಗಳು ಬೇರೆ ಬೇರೆ ಜಾಗದಲ್ಲಿದ್ದವು. ರೂತ್ ಅಳತೆಪಟ್ಟಿ ಇಟ್ಟು ನೋಡಿದರು. ನನ್ನ ಕೈಗೆ ಕೊಟ್ಟು ನೋಡಿಸಿದರು. ನನಗೂ ಹಾಗೇ ಕಂಡಿತು. ಕೆಲಸದ ದೃಷ್ಟಿಯಿಂದ ಇದಕ್ಕಿಂತ ಒಳ್ಳೆಯದಿಲ್ಲ; ಹೋಲಿಸಲು ನನಗೆ ಎರಡನೆಯ ತಳಿ ಸಿಕ್ಕಿತ್ತು. ಆದರೆ ನಾನು ಸಂತೋಷ ತೋರಿಸಲಿಲ್ಲ.

"ಡ್ಯಾಡಿಯದ್ದಲ್ಲ," ಎಂದರು ರೂತ್. ಎದ್ದು ಹೋಗಿ ಫೋನ್ ತಿರುಗಿಸಿದರು. ನಾನು ಹೊರಗೆ ಹೋಗಲು ಹೊರಟೆ; ಕೂತಿರು ಎಂದು ಕೈ ಮಾಡಿದರು.

"ವೇಯ್ನ್, ಬೆಳೀತು. ಆದರೆ ಅದು ಡ್ಯಾಡಿಯದ್ದಲ್ಲ… ಹೌದು, ಸರಿಯಾಗಿ ನೋಡಿದೀನಿ." ಆ ಕಡೆಯಿಂದ ಏನೋ ಪ್ರಶ್ನೆ ಬಂತು. "ಅಮ್ಮನದ್ದಾ? ಗೊತ್ತಿಲ್ಲ ವೇಯ್ನ್. ಗೊತ್ತು ಮಾಡ್ಕೊಳ್ಳೋಕೆ ದಾರೀನೂ ಇಲ್ಲ. ನೀನು ಯಾರ ಜೊತೆ ಉಂಡೆಯೋ ಯಾರಿಗೆ ಗೊತ್ತು," ಎಂದರು ರೂತ್. ವೇಯ್ನ್ ಮತ್ತೇನೋ ಕೇಳಿದರು. "ಇಲ್ಲ ಅನ್ನೋಕೂ ಆಗಲ್ಲ. ನೀನೇ ಬಂದು ನೋಡು."

ವೇಯ್ನ್ ಬಂದರು. ನಾನು ಊರಿಗೆ ಹೊರಡುವುದಕ್ಕೆ ಮುಂಚಿನ ವಾರ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಇಡೀ ದಿನ ಡ್ರೈವ್ ಮಾಡಿ. ಪ್ರಯೋಗಾಲಯದ ಬಾಗಿಲಲ್ಲಿ ಬೂಟಿನ ಮಣ್ಣನ್ನು ಎರಡೆರಡು ಸಲ ಒರೆಸಿದರು. ರೂತ್ ತಮ್ಮನನ್ನು ಪೆಟ್ಟಿಗೆಯ ಮುಂದೆ ನಿಲ್ಲಿಸಿ, ಕೈಗವಸಿನೊಳಗೆ ಕೈ ತೂರಿಸಲು ಹೇಳಿಕೊಟ್ಟರು. ಆ ದೊಡ್ಡ ಕೈಗಳು ಅದರೊಳಗೆ ಹಿಡಿಸುವುದೇ ಕಷ್ಟವಾಯಿತು. ಒಳಗೆ ನಾನು ಮೊದಲೇ ಒಂದು ಗಾಜಿನ ತಟ್ಟೆಯಲ್ಲಿ ಅವರ ಬ್ಯಾಕ್ಟೀರಿಯಾ ಬೆಳೆಸಿಟ್ಟಿದ್ದೆ. ಬಿಳಿಯ ನಡುವೆ ಅಲ್ಲಲ್ಲಿ ತಿಳಿ ವೃತ್ತಗಳು. ಕೆಲವು ಒಂದಕ್ಕೊಂದು ಕೂಡಿ ಬೆಳ್ಳಿಕಾಸಿನಷ್ಟು ಅಗಲವಾಗಿದ್ದವು.

"ಮುಚ್ಚಳ ತೆಗೀಬಹುದಾ?" ಎಂದು ಕೇಳಿದರು.

"ಅಲ್ಲಿ ಗಾಳಿ ಇಲ್ಲ. ತೆಗೀರಿ," ಎಂದೆ.

ಮೊಟ್ಟೆ ಹಿಡಿಯುವವರ ಹಾಗೆ ತಟ್ಟೆಯನ್ನು ಹಿಡಿದು ಕಣ್ಣಿನ ಎತ್ತರಕ್ಕೆ ಎತ್ತಿದರು. ರೂತ್ ಪೆಟ್ಟಿಗೆಯ ಆ ಬದಿಯಲ್ಲಿ, ಅವರಿಗೆ ಎದುರಾಗಿ ನಿಂತಿದ್ದರು. ವೇಯ್ನ್ ಒಂದು ಕಣ್ಣು ಮುಚ್ಚಿ, ಆ ತಿಳಿಯಾದ ಜಾಗದ ಮೂಲಕ ನೋಡಿದರು. ನೋಡುತ್ತಲೇ ಇದ್ದರು.

"ರೂತಿ," ಎಂದರು, "ನಿನ್ನ ಕೂದಲು ಪೂರಾ ಬೆಳ್ಳಗಾಗಿಬಿಟ್ಟಿದೆಯಲ್ಲೇ."